ಇಗರ್ಜಿಯ ಚರಿತ್ರೆ ಬರೆಯುವಾಗ ಪಕ್ಕದ ಕನ್ನಡ ಶಾಲೆಗೆ ಎಷ್ಟು ಜಾಗ?

ಮುರಕಲ್ಲು (ಬಂಟ್ವಾಳ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಸ್ಮರಣ ಸಂಚಿಕೆಗೆ ಇತಿಹಾಸದ ಭಾಗ ಬರೆದುಕೊಡಿ ಅಂತ ಪಾಲನಾ ಮಂಡಳಿಯವರು ನನಗೆ ವಹಿಸಿದ್ದಾರೆ. ಊರಿನ ಹೆಸರು ಸದ್ಯಕ್ಕೆ ಹಾಕುವುದಿಲ್ಲ, ಕೆಲಸ ಇನ್ನೂ ಅರ್ಧದಲ್ಲಿದೆ.

ಸುತ್ತಮುತ್ತಲಿನ ಚರ್ಚುಗಳ ಹಳೆಯ ಸಂಚಿಕೆಗಳನ್ನು ತರಿಸಿ ಓದಿದೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ರೀತಿ. ಮೊದಲು ಪೋರ್ಚುಗೀಸರು, ಆಮೇಲೆ 1784ರ ಟಿಪ್ಪುವಿನ ಸೆರೆ, ಆಮೇಲೆ 1799ರ ಬಿಡುಗಡೆ, ಅಲ್ಲಿಂದ ಮುಂದೆ ಧರ್ಮಗುರುಗಳ ಪಟ್ಟಿ. ಗೋಪುರ ಎದ್ದದ್ದು ಯಾವಾಗ, ಗಂಟೆ ಕೊಟ್ಟವರು ಯಾರು, ನೆಲಕ್ಕೆ ಟೈಲ್ಸ್ ಹಾಕಿಸಿದ ದಾನಿ ಯಾರು. ಶಾಲೆಗೆ ಕೊನೆಯಲ್ಲಿ ಅರ್ಧ ಪುಟ, ಒಂದು ಗ್ರೂಪ್ ಫೋಟೋ. ಅಷ್ಟೇ.

ಇದು ನನಗೆ ಸರಿ ಕಾಣುವುದಿಲ್ಲ. ಪೂಜೆಗೆ ಬಂದವರು ನಾವು ಕಥೊಲಿಕರು. ಶಾಲೆಗೆ ಬಂದದ್ದು ಇಡೀ ಊರು. ಬಿಲ್ಲವರು, ಬಂಟರು, ಕುಲಾಲರು, ಬ್ಯಾರಿಗಳು, ಗುಡ್ಡದಾಚೆಯ ಕಾಲೊನಿಯವರು, ಎಲ್ಲರ ಮಕ್ಕಳೂ ಅಕ್ಷರ ಕಲಿತದ್ದು ಚರ್ಚಿನ ಪಕ್ಕದ ಆ ಹೆಂಚಿನ ಮಾಡಿನ ಕೆಳಗೆ. ನಮ್ಮ ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ಕನ್ನಡ. ಊರಿನವರೆಲ್ಲ ಒಂದೇ ಬೆಂಚಿನಲ್ಲಿ ಕೂತ ಜಾಗ ಅದೊಂದೇ. ಈಗ ಮಕ್ಕಳಿಲ್ಲದೆ ಒಂದೊಂದೇ ಶಾಲೆ ಮುಚ್ಚುತ್ತಿದೆ. ಕಟ್ಟಡ ಹೋದರೆ ಹೋಗಲಿ, ಒಳಗಿನ ಕಾಗದಪತ್ರವೂ ಅದರ ಜೊತೆ ಹೋಗುತ್ತದಲ್ಲ, ಅದು ನನ್ನ ಚಿಂತೆ.

ಹಾಗಾಗಿ ಕೇಳುತ್ತಿದ್ದೇನೆ. ಚರ್ಚ್ ಇದ್ದಲ್ಲಿ ಶಾಲೆ ಅನ್ನುವ ರೂಢಿ ನಮ್ಮ ಜಿಲ್ಲೆಯಲ್ಲಿ ಹೇಗೆ ಬೆಳೆಯಿತು? ಏನೇನು ದಾಖಲೆ ನೋಡಬೇಕು? ತಿಳಿದವರು ಬರೆಯಿರಿ.

ಹಳೇ ಮಾಸ್ಟ್ರು (ಮಂಗಳೂರು)

ಒಳ್ಳೆ ಕೆಲಸ ಹಿಡಿದಿದ್ದೀರಿ ಮಾರಾಯ್ರೆ. ಇಂಥದ್ದೇ ಒಂದು ಅನುದಾನಿತ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು ನಾನು. ಗೊತ್ತಿದ್ದಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ಮಾತು. ನಮ್ಮಲ್ಲಿ ಚರ್ಚಿಗೂ ಶಾಲೆಗೂ ವಯಸ್ಸಿನ ಅಂತರ ಬಹಳ. ಮಂಗಳೂರಿನ ರೊಜಾರಿಯೊ ಚರ್ಚ್ 1568ರದ್ದು. ಹಂಪನಕಟ್ಟೆಯ ಮಿಲಾಗ್ರಿಸ್ 1680ರದ್ದು, ಕಟ್ಟಿಸಿದವರು ಗೋವಾದ ದಿವಾಡಿಯ ಬಿಷಪ್ ತೋಮಸ್ ದೆ ಕಾಸ್ತ್ರೊ. ಆದರೆ ಹಾಜರಿ ಪುಸ್ತಕ, ತರಗತಿ, ಪರೀಕ್ಷೆ ಇರುವ ಶಾಲೆ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಪಾದ್ರಿಗಳು ಮಕ್ಕಳನ್ನು ಕೂರಿಸಿ ಕಲಿಸುತ್ತಿದ್ದದ್ದು ಮುಖ್ಯವಾಗಿ ದೊತೊರ್ನ್ (ಕ್ರೈಸ್ತ ಧರ್ಮಪಾಠ), ಪ್ರಾರ್ಥನೆ, ಹಾಡು.

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದ ಕೆಲವೇ ವರ್ಷಗಳಲ್ಲಿ ಕನ್ನಡ ಶಾಲೆ, ಇಂಗ್ಲಿಷ್ ಶಾಲೆ, ಅಚ್ಚುಕೂಟ ಎಲ್ಲ ಶುರು ಮಾಡಿದರು. 1843ರಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಈ ಮಿಶನ್‌ನವರು ಪ್ರಾಟೆಸ್ಟೆಂಟರು. ನಮ್ಮ ಕಥೊಲಿಕ ಹಿರಿಯರಿಗೆ ಎರಡು ಯೋಚನೆ ಹತ್ತಿತು. ಮಕ್ಕಳು ಓದಲೇಬೇಕು, ಆದರೆ ಬೇರೆ ಸಭೆಯವರ ಶಾಲೆಗೆ ಕಳಿಸುವುದು ಹೇಗೆ? ನಮಗೂ ಒಳ್ಳೆ ಶಾಲೆ ಬೇಕು, ಜೆಸ್ವಿತ್ ಪಾದ್ರಿಗಳನ್ನು ಕಳಿಸಿಕೊಡಿ ಅಂತ ರೋಮ್‌ಗೆ ಮನವಿ ಹೋಯಿತು.

1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಫ್ರಾನ್ಸಿನಿಂದ ಬಂದು ಸೇಂಟ್ ಆನ್ಸ್‌ನಲ್ಲಿ ಹುಡುಗಿಯರಿಗೆ ಕಲಿಸತೊಡಗಿದರು. ಈ ಸನ್ಯಾಸಿನಿಯರ ಸಭೆ ಫ್ರಾನ್ಸಿನ ಬಯೋನ್‌ನಲ್ಲಿ ಹುಟ್ಟಿದ್ದೇ 1868ರಲ್ಲಿ. ಎರಡೇ ವರ್ಷದಲ್ಲಿ ಕಡಲು ದಾಟಿ ಇಲ್ಲಿಗೆ ಬಂದರು ಅಂದರೆ ನೋಡಿ. ಜೆಸ್ವಿತರು ಮಂಗಳೂರು ಮುಟ್ಟಿದ್ದು 1878ರ ಡಿಸೆಂಬರ್ 31ಕ್ಕೆ. ಒಂದು ವರ್ಷ ಕಳೆದು 1880ರ ಜನವರಿಯಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಯಿತು.

ಸಂಚಿಕೆಗಳಲ್ಲಿ ಈ ದೊಡ್ಡ ಹೆಸರುಗಳೆಲ್ಲ ಬರುತ್ತವೆ. ಬಾರದಿರುವುದು ಮುಂದಿನ ಕಥೆ. ಸೇಂಟ್ ಆನ್ಸ್‌ನಲ್ಲಿ ಶಿಕ್ಷಕಿಯರ ತರಬೇತಿ ಶಾಲೆ ಆಯಿತು. ಅಲ್ಲಿ ಕಲಿತ ಹೆಣ್ಣುಮಕ್ಕಳು ಹಳ್ಳಿ ಹಳ್ಳಿಯ ಚರ್ಚ್ ಶಾಲೆಗಳಿಗೆ ಟೀಚರ್ ಆಗಿ ಹೋದರು. ಮಂಗಳೂರಿನಲ್ಲೇ ಹುಟ್ಟಿದ ಕನ್ಯಾಮಠಗಳು ಬಂದವು: 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್, 1921ರಲ್ಲಿ ಬೆಥನಿ. ಬೆಥನಿಯನ್ನು ಕಟ್ಟಿದವರು ಬೆಂದೂರು ಚರ್ಚಿನ ಧರ್ಮಗುರುಗಳಾಗಿದ್ದ ರೇಮಂಡ್ ಮಸ್ಕರೇನ್ಹಸ್. ಒಬ್ಬ ವಿಗಾರ್ ತನ್ನ ಚರ್ಚ್ ನೋಡಿಕೊಳ್ಳುತ್ತಲೇ ಹಳ್ಳಿಯ ಹೆಣ್ಣುಮಕ್ಕಳ ಓದಿಗಾಗಿ ಒಂದು ಸಭೆಯನ್ನೇ ಹುಟ್ಟುಹಾಕಿದರು. ಸಿಸ್ಟರುಗಳು ಊರಿಗೆ ಬಂದ ವರ್ಷದಿಂದ ಶಾಲೆಯಲ್ಲಿ ಹುಡುಗಿಯರ ಸಂಖ್ಯೆ ಹೇಗೆ ಬದಲಾಯಿತು ಅಂತ ನಿಮ್ಮ ರಿಜಿಸ್ಟರಿನಲ್ಲಿ ನೋಡಿ. ಅದು ಸಂಚಿಕೆಯ ಒಂದು ಇಡೀ ಅಧ್ಯಾಯಕ್ಕೆ ಸಾಕು.

ದುಡ್ಡಿನ ಮಾತು ಬಿಡಬೇಡಿ. 1854ರ ಶಿಕ್ಷಣ ನೀತಿಯಿಂದ ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನ ಸಿಗುವ ದಾರಿ ತೆರೆಯಿತು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಿಮ್ಮ ಶಾಲೆಯ ಹಳೆಯ ಮಂಜೂರಾತಿ ಪತ್ರ, ತಪಾಸಣೆ ವರದಿ ಎಲ್ಲ ಮದ್ರಾಸ್ ಸರಕಾರದ ಹೆಸರಲ್ಲೇ ಇರುತ್ತದೆ. ಮೈಸೂರಿನ ಕಡತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಸಾಗರದ ಕಡೆಯವ

ನಾನು ಕ್ರೈಸ್ತನಲ್ಲ, ಕೆಳದಿ ಇತಿಹಾಸದಲ್ಲಿ ಆಸಕ್ತಿ ಇರುವವನು. ನಿಮ್ಮ ಸಂಚಿಕೆಗಳು ಪೋರ್ಚುಗೀಸರಿಂದ ನೇರ 1784ಕ್ಕೆ ಹಾರುತ್ತವೆ ಅಂತ ಬರೆದಿದ್ದೀರಿ. ನಡುವೆ ಕೆಳದಿಯವರು ಇದ್ದಾರೆ, ಅವರನ್ನು ಬಿಡಬೇಡಿ. ರಾಣಿ ಚೆನ್ನಮ್ಮ ಪೋರ್ಚುಗೀಸರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಕೊಟ್ಟಳು. ಮಂಗಳೂರಿನ ಮಿಲಾಗ್ರಿಸ್‌ಗೆ ಜಾಗ ಸಿಕ್ಕಿದ್ದೂ ಅವಳ ಕಾಲದಲ್ಲೇ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಅಂತ ಎಲ್ಲರೂ ಹೇಳ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಮುರಕಲ್ಲು

ಮಾಸ್ಟ್ರೆ, ಸಾಗರದವರೆ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚೆನ್ನಮ್ಮನಿಗೆ ಒಂದು ಪ್ಯಾರಾ ಖಂಡಿತ ಇರುತ್ತದೆ. 1784 ಹೇಗೆ ಬರೆಯಬೇಕು ಅನ್ನುವುದರ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ಯಾರಾದರೂ ಸಮಾಧಾನವಾಗಿ ಹೇಳಿದರೆ ಒಳ್ಳೆಯದು.

ನೇತ್ರಾವತಿ ದಂಡೆ

ಸಮಾಧಾನವಾಗಿಯೇ ಹೇಳುತ್ತೇನೆ. ಆದದ್ದನ್ನು ಆದ ಹಾಗೆ ಬರೆಯಿರಿ. ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ.

ಎರಡನೇ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಇಂಗ್ಲಿಷರು ಮಂಗಳೂರು ಹಿಡಿದರು. ಇಲ್ಲಿನ ಕ್ರೈಸ್ತರು ಅವರಿಗೆ ಸಹಾಯ ಮಾಡಿದರು ಅನ್ನುವ ಸಿಟ್ಟು ಟಿಪ್ಪುವಿಗೆ ಇತ್ತು. 1784ರ ಫೆಬ್ರವರಿ ಕೊನೆಗೆ, ಬೂದಿ ಬುಧವಾರದ (ಕ್ರೈಸ್ತರ ಉಪವಾಸ ಕಾಲದ ಮೊದಲ ದಿನ) ಹೊತ್ತಿಗೆ ಬಂಧನ ಶುರುವಾಯಿತು ಅಂತ ನಮ್ಮವರ ನೆನಪು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಅನ್ನುವುದರಲ್ಲಿ ಆ ಕಾಲದವರ ಲೆಕ್ಕಗಳೇ ಒಂದಕ್ಕೊಂದು ಹೊಂದುವುದಿಲ್ಲ. 30,000 ಅಂತಲೂ ಇದೆ, 60,000 ಅಂತಲೂ ಇದೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ವಾಪಸ್ ಬಂದರು. ನಿಮ್ಮ ಊರಿನ ಮನೆತನಗಳಲ್ಲಿ ಅದರ ನೆನಪು ಇದ್ದೇ ಇರುತ್ತದೆ, ಅದನ್ನು ಕೇಳಿ ಬರೆದುಕೊಳ್ಳಿ.

ಅದರ ಜೊತೆಗೇ ಇನ್ನೊಂದನ್ನೂ ಬರೆಯಿರಿ. ಇಗರ್ಜಿಗಳನ್ನೆಲ್ಲ ಕೆಡವಿದಾಗ ಮೂಡುಬಿದಿರೆಯ ಹೊಸಬೆಟ್ಟು ಇಗರ್ಜಿ ಉಳಿಯಿತು. ಉಳಿಸಿದವನು ಮೂಡುಬಿದಿರೆಯ ಚೌಟ ಅರಸ, ಜೈನ. ಈ ಎರಡನ್ನೂ ಒಂದೇ ಪುಟದಲ್ಲಿ ಓದಿದರೆ ಮಕ್ಕಳಿಗೆ ಊರು ಅರ್ಥವಾಗುತ್ತದೆ.

ಕೊಡಗಿನಿಂದ

ಚೌಟರಸನ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ನೆಲೆ ನಿಲ್ಲಿಸಿದ. ಪೇಟೆ ಹುಟ್ಟಿದ್ದೂ ಚರ್ಚ್ ಹುಟ್ಟಿದ್ದೂ ಹೆಚ್ಚುಕಡಿಮೆ ಒಟ್ಟಿಗೆ. ಇಲ್ಲಿನ ಎಷ್ಟೋ ಕುಟುಂಬಗಳ ಬೇರು ಕರಾವಳಿಯಲ್ಲೇ ಇದೆ. ನಿಮ್ಮ ಊರಿನ ಮನೆತನದವರು ಇಲ್ಲೂ ಇರಬಹುದು, ಬೇಕಾದರೆ ವಿಚಾರಿಸಿ ಹೇಳ್ತೇನೆ.

ಬ್ಯಾರಿ ಮನೆಯವಳು

ಓದಿ ಸುಮ್ನೆ ಹೋಗಲು ಮನಸ್ಸಾಗಲಿಲ್ಲ. ನಾನು ಚರ್ಚ್ ಶಾಲೆಯ ಹಳೆ ವಿದ್ಯಾರ್ಥಿನಿ. ನಮ್ಮ ಮನೆಯಿಂದ ಶಾಲೆಗೆ ಹೋದ ಮೊದಲ ಹುಡುಗಿ ನನ್ನ ದೊಡ್ಡ ಅಕ್ಕ. ಉಮ್ಮ ಅವಳನ್ನು ಕಳಿಸಲು ಒಪ್ಪಿದ್ದಕ್ಕೆ ಒಂದೇ ಕಾರಣ: ಕಲಿಸುವವರು ಸಿಸ್ಟರುಗಳು, ಹೆಂಗಸರು. ಬೇರೆ ಶಾಲೆಯಾಗಿದ್ದರೆ ಕಳಿಸುತ್ತಿರಲಿಲ್ಲ.

ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಕಥೊಲಿಕ ಮಕ್ಕಳು ದೊತೊರ್ನ್ ಕ್ಲಾಸಿಗೆ ಹೋಗುತ್ತಿದ್ದರು, ನಮಗೆ ನೀತಿ ಪಾಠ. ನಮ್ಮ ನೀತಿ ಪಾಠದ ಮಾಸ್ಟ್ರು ಪಂಚತಂತ್ರದ ಕಥೆ ಹೇಳುತ್ತಿದ್ದರು. ಪಕ್ಕದ ಕೋಣೆಯವರು ಕಿಟಕಿಯಲ್ಲಿ ಕಿವಿ ಇಟ್ಟು ಕೇಳುತ್ತಿದ್ದರು. ಮೊಂತಿ ಫೆಸ್ತಿಗೆ (ಮರಿಯಮ್ಮನ ಹುಟ್ಟುಹಬ್ಬ) ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಹಾಕಬೇಕು. ಗೋರಂಟೆ, ಶಂಖಪುಷ್ಪ, ಗದ್ದೆಯ ಬದುವಿನ ಹೆಸರಿಲ್ಲದ ಹೂವು, ಎಲ್ಲವನ್ನೂ ಬೆತ್ತದ ಬುಟ್ಟಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಹೂ ಕೊಯ್ಯಲು ನಾವೂ ಹೋಗುತ್ತಿದ್ದೆವು. ಸೆಪ್ಟೆಂಬರ್ 8ರಂದು ತೆನೆ ಆಶೀರ್ವಾದ ಆಗಿ ಮಕ್ಕಳಿಗೆ ಕಬ್ಬು ಹಂಚುವಾಗ ನಮ್ಮ ಕೈಗೂ ಒಂದೊಂದು ಕೋಲು ಬರುತ್ತಿತ್ತು. ಮರುದಿನ ಶಾಲೆಯ ಅಂಗಳ ಪೂರ್ತಿ ಸಿಪ್ಪೆ. ಗುಡಿಸುವ ಪಾಳಿ ಆರನೇ ಕ್ಲಾಸಿನವರದ್ದು.

ನನ್ನ ಹೆಸರು ಚರ್ಚಿನ ಯಾವ ಪುಸ್ತಕದಲ್ಲೂ ಇಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. ನಿಮ್ಮ ಸಂಚಿಕೆಯಲ್ಲಿ ನಮ್ಮಂಥವರನ್ನೂ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ.

ಮುರಕಲ್ಲು

ಅಕ್ಕ, ನೀವು ಬರೆದದ್ದು ಓದಿ ಕಣ್ಣು ತುಂಬಿತು. ನಾನು ಹೇಳಬೇಕೆಂದಿದ್ದದ್ದು ಇದೇ. ದಯವಿಟ್ಟು ಇನ್ನೂ ಬರೆಯಿರಿ. ನಿಮ್ಮ ಒಪ್ಪಿಗೆ ಇದ್ದರೆ ಹೆಸರು ಹಾಕದೆ ಸಂಚಿಕೆಯಲ್ಲಿ ಸೇರಿಸುತ್ತೇನೆ.

ಬ್ಯಾರಿ ಮನೆಯವಳು

ಖಂಡಿತ ಸೇರಿಸಿ.

ಕಡತ ನೋಡುವವ (ಉಡುಪಿ)

ದಾಖಲೆ ಬಗ್ಗೆ ಕೇಳಿದ್ದಿರಿ. ಹಲವು ಚರ್ಚುಗಳ, ಶಾಲೆಗಳ ಪುಸ್ತಕ ನೋಡಿದ ಅನುಭವದಿಂದ ಹೇಳುತ್ತೇನೆ.

ಚರ್ಚಿನಲ್ಲಿ ಜ್ಞಾನಸ್ನಾನ, ಮದುವೆ, ಮರಣ, ಈ ಮೂರರ ಪುಸ್ತಕಗಳು ಇರುತ್ತವೆ. ಹಳೆಯವು ಲ್ಯಾಟಿನ್‌ನಲ್ಲಿ ಅಥವಾ ಪೋರ್ಚುಗೀಸ್‌ನಲ್ಲಿ. ಭಾಷೆ ಬಾರದಿದ್ದರೂ ಹೆದರಬೇಡಿ. ಒಂದೇ ವಾಕ್ಯ ಪ್ರತಿ ಪುಟದಲ್ಲೂ ಬರುತ್ತದೆ, ಬದಲಾಗುವುದು ಹೆಸರು, ತಾರೀಕು, ಊರು, ತಂದೆತಾಯಿ, ದೇವಮಾತಾಪಿತರು. ಒಂದು ದಿನ ಯಾರಾದರೂ ಫಾದರ್ ಜೊತೆ ಕೂತರೆ ಓದುವ ರೀತಿ ಸಿಕ್ಕಿಬಿಡುತ್ತದೆ.

ಶಾಲೆಯಲ್ಲಿ ನೋಡಬೇಕಾದ್ದು ದಾಖಲಾತಿ ರಿಜಿಸ್ಟರ್, ಟಿಸಿ ಪುಸ್ತಕದಲ್ಲಿ ಶಾಲೆಯಲ್ಲೇ ಉಳಿಯುವ ಅರ್ಧ ಭಾಗ, ಇನ್ಸ್‌ಪೆಕ್ಟರು ಬಂದಾಗ ಬರೆದ ತಪಾಸಣೆ ಪುಸ್ತಕ. ದಾಖಲಾತಿ ರಿಜಿಸ್ಟರಿನ ಕೊನೆಯ ಕಾಲಂ ತಪ್ಪದೆ ಓದಿ: ಶಾಲೆ ಬಿಟ್ಟ ಕಾರಣ. ಬೇರೆ ಊರಿಗೆ ಹೋದದ್ದು, ಮನೆಗೆಲಸ, ಕಾಯಿಲೆ, ಮರಣ. ಒಂದೊಂದು ಪದದಲ್ಲಿ ಊರಿನ ಕಷ್ಟ ಕಾಣುತ್ತದೆ. ತಂದೆಯ ಉದ್ಯೋಗದ ಕಾಲಂ ಕೂಡ ಹಾಗೆಯೇ. ಗೇಣಿ, ಕೂಲಿ, ಮೂರ್ತೆ (ಕಳ್ಳು ಇಳಿಸುವುದು), ಮೀನು, ಬೀಡಿ, ಆಮೇಲೆ ಬೊಂಬಾಯಿ, ಆಮೇಲೆ ಗಲ್ಫ್.

ಇನ್ನೊಂದು ವಿಷಯ. ಕಥೊಲಿಕ ಮಕ್ಕಳ ಹೆಸರು ಎರಡೂ ಕಡೆ ಇರುತ್ತದಲ್ಲ, ಅವನ್ನು ಪಕ್ಕಪಕ್ಕ ಇಟ್ಟು ನೋಡಿ. ಜ್ಞಾನಸ್ನಾನ ಪುಸ್ತಕದಲ್ಲಿ ಹುಟ್ಟಿದ ದಿನ ಸರಿಯಾಗಿರುತ್ತದೆ, ಯಾಕೆಂದರೆ ಮಗು ಹುಟ್ಟಿ ಕೆಲವೇ ದಿನಗಳಲ್ಲಿ ಬರೆದದ್ದು. ಶಾಲೆಯ ಪುಸ್ತಕದಲ್ಲಿ ಎಷ್ಟೋ ಮಕ್ಕಳು ಮೇ ತಿಂಗಳಲ್ಲೋ ಜೂನ್ ಮೊದಲ ವಾರದಲ್ಲೋ ಹುಟ್ಟಿರುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ವಯಸ್ಸು ಹೊಂದಲಿ ಅಂತ ಮಾಸ್ಟ್ರೇ ಅಂದಾಜಿನಲ್ಲಿ ಹಾಕಿದ್ದು. ಸರಕಾರಿ ಕೆಲಸ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲ ನಡೆದದ್ದು ಆ ಅಂದಾಜಿನ ತಾರೀಕಿನಿಂದಲೇ. ಚರ್ಚಿನ ಪುಸ್ತಕ ಇಲ್ಲದ ಮಕ್ಕಳಿಗೆ ಮಾಸ್ಟ್ರು ಹಾಕಿದ್ದೇ ಜನ್ಮದಿನ.

ಕಟ್ಟಡದ ವಯಸ್ಸು ಹುಡುಕುವಾಗ ಒಂದು ಎಚ್ಚರ. ಹೆಂಚು ತೆಗೆದು ನೋಡಿ, 1865 ಅಂತ ಅಚ್ಚೊತ್ತಿದೆ, ಹಾಗಾದರೆ ಶಾಲೆ ಆಗಲೇ ಇತ್ತು ಅಂತ ಬರೆದುಬಿಡುವವರಿದ್ದಾರೆ. 1865 ಅಂದರೆ ಬಾಸೆಲ್ ಮಿಶನ್‌ನ ಜೆಪ್ಪು ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ದಶಕ ಕಳೆದು ಮಾಡಿದ ಹೆಂಚಿನ ಮೇಲೂ ಅದೇ ಇಸವಿ ಇರುತ್ತದೆ.

ಹಳೇ ಮಾಸ್ಟ್ರು

ತಾರೀಕಿನ ಮಾತು ನೂರಕ್ಕೆ ನೂರು ಸತ್ಯ. ತಂದೆ ಬಂದು ನಿಂತು, ದೊಡ್ಡ ನೆರೆ ಬಂದ ವರ್ಷ ಹುಟ್ಟಿದ್ದು ಮಾಸ್ಟ್ರೆ, ಗದ್ದೆ ನಾಟಿ ಆಗಿತ್ತು, ಅಂತ ಹೇಳುತ್ತಿದ್ದರು. ನಾವು ಅದನ್ನು ಕೇಳಿ ಒಂದು ತಾರೀಕಿಗೆ ಇಳಿಸಬೇಕಿತ್ತು.

ಕಡತದವರು ಬಿಟ್ಟ ಒಂದು ದಾಖಲೆ ಸೇರಿಸುತ್ತೇನೆ. ಜಮೀನಿನದ್ದು. ಬಹಳ ಕಡೆ ಚರ್ಚಿಗೆ ಗದ್ದೆ, ತೆಂಗಿನ ತೋಟ ಇತ್ತು. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿಗೆ (ವರ್ಷ ವರ್ಷದ ಗೇಣಿ) ಕೊಟ್ಟು ಬಂದ ಅಕ್ಕಿ, ತೆಂಗಿನಕಾಯಿಯ ಹುಟ್ಟುವಳಿಯಿಂದ ಚರ್ಚಿನ ಖರ್ಚು ನಡೆಯುತ್ತಿತ್ತು, ಶಾಲೆಗೂ ಅದರಲ್ಲಿ ಪಾಲು. 1974ರ ಭೂಸುಧಾರಣೆ ಬಂದಾಗ ಉಳುವವನಿಗೆ ಭೂಮಿ ಹೋಯಿತು. ಅದು ನ್ಯಾಯವೇ. ಭೂಮಿ ಸಿಕ್ಕಿದವರಲ್ಲಿ ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳೂ ಇದ್ದರು. ಆದರೆ ಆಮೇಲೆ ಶಾಲೆಯ ಮಾಡು ರಿಪೇರಿಗೂ ಗುರ್ಕಾರರು (ಚರ್ಚ್ ವಾರ್ಡಿನ ಮುಖ್ಯಸ್ಥರು) ಮನೆ ಮನೆಗೆ ಹೋಗಿ ಚಂದಾ ಎತ್ತಬೇಕಾಯಿತು. ಈ ತಿರುವನ್ನು ಸಂಚಿಕೆಗಳು ಬರೆಯುವುದಿಲ್ಲ. ಆ ಗೇಣಿ ಜಮೀನಿನ ಡಿಕ್ಲರೇಶನ್ ಕಾಗದಗಳು ಚರ್ಚ್ ಆಫೀಸಿನಲ್ಲೇ ಇರಬೇಕು, ಕೇಳಿ ನೋಡಿ.

ದುಬೈ ಕುಡ್ಲದವ

ಎಲ್ಲ ಸರಿ. ಶಾಲೆ ಮುಚ್ಚಿದ್ದು ಯಾಕೆ ಅಂತಲೂ ಬರೆಯುತ್ತೀರಾ? ನೇರವಾಗಿ ಹೇಳ್ತೇನೆ. ಮುಚ್ಚಿದ್ದು ನಾವೇ. ನಾನು, ನನ್ನ ತಮ್ಮ, ನಮ್ಮ ವಾಳೆಯವರೆಲ್ಲ (ಚರ್ಚ್ ವಾರ್ಡಿನವರು) ಕನ್ನಡ ಶಾಲೆಯಲ್ಲಿ ಓದಿ ಇಲ್ಲಿಗೆ ಬಂದು ದುಡಿದೆವು. ಆ ದುಡ್ಡಿನಲ್ಲಿ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂಗೆ ಕಳಿಸಿದೆವು. ವ್ಯಾನ್ ಬಂದು ಮನೆ ಗೇಟಿನಿಂದಲೇ ಕರೆದುಕೊಂಡು ಹೋಗುತ್ತದೆ. ಕೆಲವು ಕಡೆ ಅದೇ ಚರ್ಚಿನ ಕಾಂಪೌಂಡಿನಲ್ಲಿ ಇಂಗ್ಲಿಷ್ ಶಾಲೆ ಎದ್ದಿತು, ಪಕ್ಕದ ಕನ್ನಡ ಶಾಲೆ ಬಡವರ ಶಾಲೆ ಆಯಿತು.

ನೇತ್ರಾವತಿ ದಂಡೆ

ಪೂರ್ತಿ ನಮ್ಮ ಮೇಲೆ ಹಾಕಿಕೊಳ್ಳುವುದು ಬೇಡ ಮಾರಾಯ್ರೆ. ಸರಕಾರದ ಪಾಲೂ ಇದೆ. 1987ರ ನಂತರ ಶುರುವಾದ ಶಾಲೆಗಳಿಗೆ ಅನುದಾನವೇ ನಿಂತಿತು. ಅನುದಾನ ಇದ್ದ ಹಳೆಯ ಶಾಲೆಗಳಲ್ಲೂ ಮಾಸ್ಟ್ರು ನಿವೃತ್ತರಾದರೆ ಆ ಹುದ್ದೆ ತುಂಬಲು ವರ್ಷಗಟ್ಟಲೆ ಒಪ್ಪಿಗೆ ಇಲ್ಲ. ಏಳು ಕ್ಲಾಸಿಗೆ ಇಬ್ಬರು ಟೀಚರ್. ಉಳಿದವರಿಗೆ ಆಡಳಿತ ಮಂಡಳಿ ಗೌರವಧನ ಕೊಟ್ಟು ನಡೆಸಬೇಕು. ಸಂಚಾಲಕರಾದ ಫಾದರ್ ಎಷ್ಟು ಸಲ ಶಿಕ್ಷಣ ಇಲಾಖೆಯ ತಾಲ್ಲೂಕು ಬಿಇಒ ಆಫೀಸಿಗೆ, ಜಿಲ್ಲಾ ಡಿಡಿಪಿಐ ಆಫೀಸಿಗೆ ತಿರುಗುವುದು?

ಹಳೇ ಮಾಸ್ಟ್ರು

ಇಬ್ಬರೂ ಹೇಳುವುದು ಸರಿ, ಜೊತೆಗೆ ಕಾನೂನಿನ ಕಥೆಯೂ ಇದೆ. 1994ರ ಸರಕಾರಿ ಆದೇಶದಂತೆ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಕಲಿಸಬೇಕಿತ್ತು. ಕನ್ನಡಕ್ಕೆ ಅಂತ ಅನುಮತಿ ಪಡೆದು ಒಳಗೆ ಇಂಗ್ಲಿಷ್ ನಡೆಸಿದ ಶಾಲೆಗಳು ರಾಜ್ಯದಲ್ಲಿ ಬೇಕಾದಷ್ಟಿದ್ದವು. 2008ರಲ್ಲಿ ಹೈಕೋರ್ಟ್, 2014ರ ಮೇ 6ಕ್ಕೆ ಸುಪ್ರೀಂ ಕೋರ್ಟ್, ಯಾವ ಭಾಷೆಯಲ್ಲಿ ಕಲಿಸಬೇಕು ಅಂತ ಸರಕಾರ ಒತ್ತಾಯ ಮಾಡುವಂತಿಲ್ಲ ಅಂದವು. ಅಲ್ಲಿಗೆ ಪೋಷಕರ ಇಷ್ಟವೇ ಅಂತಿಮ ಆಯಿತು. ಪೋಷಕರ ಇಷ್ಟ ಏನು ಅಂತ ದುಬೈಯವರು ಹೇಳಿದ್ದಾರೆ.

ನನಗೆ ಬೇಸರ ಒಂದೇ. ಕನ್ನಡ ಶಾಲೆ ಹೋದರೆ ಹೋಗುವುದು ಕನ್ನಡ ಮಾತ್ರ ಅಂತ ನಮ್ಮವರು ತಿಳಿದಿದ್ದಾರೆ. ನಮ್ಮ ಕೊಂಕಣಿಯನ್ನು ನಾವು ಬರೆಯುವುದು ಯಾವ ಲಿಪಿಯಲ್ಲಿ? ಕನ್ನಡ ಲಿಪಿಯಲ್ಲಿ ಅಲ್ವಾ? 1912ರ 'ಕೊಂಕ್ಣಿ ದಿರ್ವೆಂ' ಪತ್ರಿಕೆ, 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆ, ಪ್ರಾರ್ಥನೆಯ ಪುಸ್ತಕ, ಹಾಡಿನ ಪುಸ್ತಕ, ಎಲ್ಲವೂ ಕನ್ನಡ ಅಕ್ಷರದಲ್ಲಿ. ಅದನ್ನು ಓದಲು ಕಲಿಸಿದ್ದು ಚರ್ಚಿನ ಪಕ್ಕದ ಶಾಲೆ. ಈಗ ಇಗರ್ಜಿಯಲ್ಲಿ ಎಷ್ಟೋ ಮಕ್ಕಳು ಕೊಂಕಣಿ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ಶಾಲೆಗೂ ಪೂಜೆಗೂ ಇಷ್ಟು ಹತ್ತಿರದ ಸಂಬಂಧ ಇತ್ತು. ಸಂಚಿಕೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಕಡತ ನೋಡುವವ (ಉಡುಪಿ)

ಮಾಸ್ಟ್ರ ಮಾತಿಗೆ ಹಳೆಯದೊಂದು ಉದಾಹರಣೆ. ಇಟಲಿಯಿಂದ ಬಂದ ಜೆಸ್ವಿತ್ ಆಂಜೆಲೊ ಮಾಫೆಯಿ ಕೊಂಕಣಿಗೆ ವ್ಯಾಕರಣ ಬರೆದು 1882ರಲ್ಲಿ ಹೊರತಂದರು. ಮುದ್ರಿಸಿದ್ದು ಬಾಸೆಲ್ ಮಿಶನ್ ಪ್ರೆಸ್. ಶಾಲೆ ವಿಷಯದಲ್ಲಿ ಪೈಪೋಟಿ ಮಾಡಿದ ಎರಡು ಸಭೆಯವರು ಅಕ್ಷರದ ವಿಷಯದಲ್ಲಿ ಕೈ ಜೋಡಿಸಿದ್ದರು.

ಬೆಳ್ತಂಗಡಿಯವಳು

ನನ್ನದು ಬೇರೆ ಆತಂಕ. ನಾನು ಓದಿದ ಶಾಲೆ ಮುಚ್ಚಿ ಕೆಲವು ವರ್ಷ ಆಯಿತು. ಒಂದು ಕೋಣೆಯಲ್ಲಿ ರಿಜಿಸ್ಟರುಗಳನ್ನು ರಾಶಿ ಹಾಕಿ ಬೀಗ ಹಾಕಿದ್ದರು. ಅಣ್ಣನಿಗೆ ಯಾವುದೋ ದಾಖಲೆ ಬೇಕಾಗಿ ಹೋಗಿ ತೆರೆಸಿದರೆ ಕೆಳಗಿನ ಸಾಲು ಪೂರ್ತಿ ಗೆದ್ದಲು. ಮೇಲಿನ ಪುಸ್ತಕ ಎತ್ತಿದರೆ ಕೆಳಗಿನದ್ದು ಮಣ್ಣಾಗಿ ಉದುರುತ್ತಿತ್ತು. ಬೈಂಡಿನ ಬಟ್ಟೆ ಮಾತ್ರ ಉಳಿದಿತ್ತು. ನಮ್ಮ ಮಳೆಗಾಲಕ್ಕೆ, ಸೋರುವ ಮಾಡಿಗೆ ಕಾಗದ ಎಷ್ಟು ದಿನ ತಡೆಯುತ್ತದೆ? ಮುರಕಲ್ಲು ಅವರೆ, ಬರೆಯುವುದು ಆಮೇಲೆ ಇರಲಿ, ಮೊದಲು ಪುಸ್ತಕಗಳನ್ನು ನೆಲದಿಂದ ಎತ್ತಿ ಇಡಿಸಿ.

ದುಬೈ ಕುಡ್ಲದವ

ಎಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿಬಿಡಿ. ಖರ್ಚಿಗೆ ನಾವಿದ್ದೇವೆ. ಹಳೆ ವಿದ್ಯಾರ್ಥಿಗಳು ಎಲ್ಲಿದ್ದರೂ ನೋಡಬಹುದು.

ಬ್ಯಾರಿ ಮನೆಯವಳು

ಸ್ಕ್ಯಾನ್ ಮಾಡಿ, ಆದರೆ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಅದರಲ್ಲಿ ಜಾತಿ ಇದೆ, ತಂದೆಯ ಹೆಸರು ಇದೆ, ಶಾಲೆ ಬಿಟ್ಟ ಕಾರಣ ಇದೆ. ಇವತ್ತು ಒಳ್ಳೆ ಸ್ಥಿತಿಯಲ್ಲಿರುವವರಿಗೂ ಆ ಕಾಲದ ಬಡತನವನ್ನು ಊರೆಲ್ಲ ಓದುವುದು ಇಷ್ಟ ಆಗಲಿಕ್ಕಿಲ್ಲ. ಮದುವೆ ಸಂಬಂಧ ನೋಡುವಾಗ ಯಾರೋ ಅದನ್ನು ಹುಡುಕಿ ತೆಗೆಯುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು.

ಕಡತ ನೋಡುವವ (ಉಡುಪಿ)

ಅಕ್ಕ ಹೇಳಿದ್ದು ಸರಿ. ಹೆಸರು ಮುಚ್ಚಿ ಲೆಕ್ಕ ಮಾತ್ರ ಕೊಡಬಹುದು. ಹತ್ತು ಹತ್ತು ವರ್ಷಕ್ಕೆ ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಯಾವ ಯಾವ ಸಮುದಾಯದವರು, ಎಷ್ಟನೇ ಕ್ಲಾಸಿಗೆ ಬಿಟ್ಟರು. ಒಬ್ಬರ ಹೆಸರೂ ಬೇಡ, ಊರಿನ ಚರಿತ್ರೆ ಪೂರ್ತಿ ಸಿಗುತ್ತದೆ. ಫೋಟೋ ತೆಗೆಯಲು ದೊಡ್ಡ ಯಂತ್ರ ಬೇಡ. ಕಿಟಕಿ ಬೆಳಕಿನಲ್ಲಿ ಪುಸ್ತಕ ಬಿಡಿಸಿಟ್ಟು ಮೊಬೈಲ್‌ನಲ್ಲೇ ತೆಗೆಯಬಹುದು, ಬೈಂಡ್ ಮುರಿಯದ ಹಾಗೆ ನೋಡಿಕೊಂಡರೆ ಸಾಕು. ಒಂದು ಪ್ರತಿ ಚರ್ಚಿನಲ್ಲಿ, ಒಂದು ಧರ್ಮಪ್ರಾಂತ್ಯದ ಕಚೇರಿಯಲ್ಲಿ, ಒಂದು ಹಳೆ ವಿದ್ಯಾರ್ಥಿ ಸಂಘದಲ್ಲಿ ಇರಲಿ. ಮೂಲ ಪುಸ್ತಕ ಶಾಲೆಯದ್ದೇ, ಅದನ್ನು ಬಿಇಒ ಆಫೀಸಿಗೆ ತಿಳಿಸದೆ ಬೇರೆ ಕಡೆ ಸಾಗಿಸಬೇಡಿ. ಇವತ್ತಿಗೂ ಜನ ದಾಖಲೆಗಾಗಿ ಬರುತ್ತಾರೆ.

ಮುರಕಲ್ಲು

ಎಲ್ಲರಿಗೂ ವಂದನೆ. ಇದನ್ನೆಲ್ಲ ಪ್ರಿಂಟ್ ತೆಗೆದು ವಿಗಾರ್ ಫಾದರ್‌ಗೂ ಮುಖ್ಯ ಶಿಕ್ಷಕಿಗೂ ತೋರಿಸಿದೆ. ಇಬ್ಬರೂ ಒಪ್ಪಿದರು. ಬೆಳ್ತಂಗಡಿಯವರು ಹೇಳಿದಂತೆ ಮೊದಲ ಕೆಲಸ ರಿಜಿಸ್ಟರುಗಳದ್ದು. ಚರ್ಚಿನ ಸಕ್ರಿಸ್ತಿಯ (ಪೂಜಾ ಸಾಮಗ್ರಿ ಇಡುವ ಕೋಣೆ) ಪಕ್ಕದ ಒಣ ಕೋಣೆಯಲ್ಲಿ ಕಬ್ಬಿಣದ ಕಪಾಟು ಕೊಟ್ಟಿದ್ದಾರೆ. ಬಿಇಒ ಆಫೀಸಿಗೆ ಪತ್ರ ಹೋಗಿದೆ, ಒಪ್ಪಿಗೆ ಬಂದ ಕೂಡಲೇ ಅಲ್ಲಿಡುತ್ತೇವೆ. ಅಷ್ಟರವರೆಗೆ ಶಾಲೆಯಲ್ಲೇ ಮರದ ಹಲಗೆ ಹಾಕಿ ನೆಲದಿಂದ ಮೇಲೆ ಎತ್ತಿ ಇಟ್ಟಿದ್ದೇವೆ.

ಸಂಚಿಕೆಯಲ್ಲಿ ಶಾಲೆಯ ಭಾಗ ಕೊನೆಗೆ ಬರುವುದಿಲ್ಲ. ಚರ್ಚಿನ ಕಥೆ ಯಾವ ಕಾಲಕ್ಕೆ ಬಂತೋ ಆ ಕಾಲದ ಶಾಲೆ ಅಲ್ಲೇ ಬರುತ್ತದೆ. ಧರ್ಮಗುರುಗಳ ಪಟ್ಟಿ ಇದ್ದ ಹಾಗೆ ಮುಖ್ಯ ಶಿಕ್ಷಕರ ಪಟ್ಟಿಯೂ ಇರುತ್ತದೆ, ಅಡುಗೆಯವರ, ಗಂಟೆ ಹೊಡೆದವರ ಹೆಸರೂ. ಮಂಡಳಿಯಲ್ಲಿ ಒಬ್ಬರು ಪುಟ ಜಾಸ್ತಿ ಆಗುತ್ತದೆ ಅಂದರು. ಜಾಹೀರಾತಿನ ಪುಟ ಕಡಿಮೆ ಮಾಡೋಣ ಅಂದೆ.

ಒಂದು ಸಹಾಯ ಬೇಕು. ತಪಾಸಣೆ ಪುಸ್ತಕದ ಹಳೆಯ ಪುಟಗಳು ಇಂಗ್ಲಿಷ್ ಮೋಡಿ ಅಕ್ಷರದಲ್ಲಿವೆ, ಶಾಯಿ ಕಂದಿದೆ. ಓದಿಕೊಡಬಲ್ಲವರು ಯಾರಾದರೂ ಇದ್ದೀರಾ?

ಹಳೇ ಮಾಸ್ಟ್ರು

ನಾನು ಬರುತ್ತೇನೆ. ಆ ಇನ್ಸ್‌ಪೆಕ್ಟರುಗಳ ಕೈಬರಹ ನೋಡಿಯೇ ಬೆಳೆದವನು. ಶನಿವಾರ ಮಧ್ಯಾಹ್ನದ ಮೇಲೆ ಆದರೆ ಬಸ್ಸು ಸಿಗುತ್ತದೆ. ಭೂತಕನ್ನಡಿ ನನ್ನ ಹತ್ತಿರ ಇದೆ.

ಬ್ಯಾರಿ ಮನೆಯವಳು

ಮಾಸ್ಟ್ರೆ, ಯಾವ ಶನಿವಾರ ಅಂತ ಇಲ್ಲೇ ಹಾಕಿ. ನಾನೂ ಬರ್ತೇನೆ, ಹುಡುಗಿಯರ ಲೆಕ್ಕ ತೆಗೆಯುವ ಕೆಲಸ ನನಗೆ ಕೊಡಿ.